ಮೂರು ಸುತ್ತು ಆರಿಸಿದ ಅಕ್ಕಿ

ಬುಲವಾಯೊ
2 ಮಾರ್ಚ್ 1987

ಶ್ರೀಮತಿ ಲೂನಾ ತಾರಿಕಾ ಅವರಿಗೆ,

ನಾನು ಫ್ರೂಮಾ ಮಿಲೆವ್ಸ್ಕಿ. ಬುಲವಾಯೊದ ಯೆಹೂದಿ ಹಿರಿಯರ ಮನೆಯ ಆಡಳಿತ ಸಮಿತಿಗೆ ಮೂವತ್ತೆರಡು ವರ್ಷಗಳಿಂದ ಅಧ್ಯಕ್ಷೆ. ಈ ಮನೆಯ ಮೊದಲ ಆರು ಮಂಚಗಳ ಹಾಸಿಗೆ ಹೊದಿಕೆಗಳನ್ನು ಹೊಲಿದವಳು ನಾನು. ಅಡುಗೆಮನೆಯ ನಿಯಮಗಳನ್ನು ಬರೆದವಳೂ ನಾನೇ. ಕಳೆದ ಅಕ್ಟೋಬರಿನಲ್ಲಿ ನೀವು ಬ್ರಸೆಲ್ಸಿನಿಂದ ಬಂದು ನಿಮ್ಮ ತಾಯಿ ಜೋಯಾ ಕೋದ್ರೋನ್ ಅವರನ್ನು ಇಲ್ಲಿ ಸೇರಿಸಿದಿರಿ. ಆಗ ನೀವು ಸಹಿ ಹಾಕಿದ ಕಾಗದದಲ್ಲಿ ಕೆಳಗಿರುವ ಇನ್ನೊಂದು ಸಹಿ ನನ್ನದು. ಪರಿಚಯ ಇಷ್ಟು ಸಾಕು.

ಪಸ್ಕ ಹಬ್ಬಕ್ಕೆ ಆರು ವಾರ ಇರುವಾಗಲೇ ನಾವು ಕೋಣೆಗಳನ್ನು ಸ್ವಚ್ಛ ಮಾಡಲು ಶುರು ಮಾಡುತ್ತೇವೆ. ಕಳೆದ ಗುರುವಾರ ನಿಮ್ಮ ತಾಯಿಯ ಬೀರುವಿನಲ್ಲಿ, ಚಳಿಗಾಲದ ಕೋಟಿನ ಹಿಂದೆ, ಒಂದು ಬಿಳಿ ಬಟ್ಟೆಯ ಚೀಲ ಸಿಕ್ಕಿತು. ಬಾಯನ್ನು ನೀಲಿ ದಾರದಿಂದ ಹೊಲಿದಿತ್ತು. ಒಳಗೆ ಎರಡು ಕಿಲೋ ಅಕ್ಕಿ. ಇದೇನು ಎಂದು ಕೇಳಿದೆ. ಹಬ್ಬಕ್ಕೆ ಎಂದರು. ಹಬ್ಬದ ಎಂಟು ದಿನ ಈ ಮನೆಯಲ್ಲಿ ಅಕ್ಕಿ, ಬೇಳೆ, ಬಟಾಣಿ ಯಾವುದೂ ಇಲ್ಲ ಎಂದು ವಿವರಿಸಿದೆ. ಅವರು ನನ್ನ ದನಿ ಬಂದ ಕಡೆ ಮುಖ ತಿರುಗಿಸಿ, "ಅಧ್ಯಕ್ಷರೇ, ನನಗೆ ಎಂಬತ್ತೈದು. ಹಲ್ಲು ಬಂದಾಗಿನಿಂದ ಪ್ರತಿ ಹಬ್ಬದಲ್ಲೂ ಅನ್ನ ಉಂಡಿದ್ದೀನಿ. ದೇವರು ಇನ್ನೂ ತಕರಾರು ಮಾಡಿಲ್ಲ," ಎಂದರು. ಪಕ್ಕದ ಕೋಣೆಯವರು ನಕ್ಕರು. ನಾನು ನಗಲಿಲ್ಲ.

ನಿಮ್ಮ ರೋಡ್ಸ್ ದ್ವೀಪದವರು ಹಬ್ಬದಲ್ಲಿ ಅನ್ನ ಉಣ್ಣುತ್ತಾರೆ, ನಮ್ಮ ಲಿಥುವೇನಿಯಾದ ಕಡೆಯವರು ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೇ ನಾಲ್ಕನೇ ನಿಯಮ ಬರೆದೆ. ಅದರ ಕಾರಣವನ್ನೂ ಕೇಳಿಕೊಳ್ಳಿ. 1952ರಲ್ಲಿ ಗ್ವಾಂಡಾ ದಾರಿಯ ಒಂದು ಅಂಗಡಿಯಲ್ಲಿ ಬೆರೆಲ್ ಎಂಬ ಒಂಟಿ ಮುದುಕ ಸತ್ತು ನಾಲ್ಕು ದಿನ ಯಾರಿಗೂ ತಿಳಿಯಲಿಲ್ಲ. ಹೆಣ ತರಲು ಹೋದವರು ನನ್ನ ಗಂಡ. ಬೆರೆಲ್‌ನ ಅಂಗಡಿಯಲ್ಲಿ ಒಂದೇ ಕುರ್ಚಿ, ಒಂದೇ ತಟ್ಟೆ ಇದ್ದವಂತೆ. ಅವರು ಮನೆಗೆ ಬಂದು ಅದನ್ನು ಹೇಳಿದ ದಿನವೇ ಈ ಮನೆ ಹುಟ್ಟಿತು. ನಮ್ಮವರು ಯಾರೂ ಒಂಟಿಯಾಗಿ ಉಣ್ಣಬಾರದು, ಒಂಟಿಯಾಗಿ ಸಾಯಬಾರದು. 1961ರಲ್ಲಿ ಕಾಂಗೋದಲ್ಲಿ ನೆಲೆಸಿದ್ದ ನಿಮ್ಮ ರೋಡ್ಸಿನವರು ಇಲ್ಲಿಗೆ ಬಂದಾಗ ಸಮಿತಿಯ ಗಂಡಸರು ಅವರಿಗೆ ಬೇರೆ ಮೇಜು ಇರಲಿ ಎಂದರು. ಒಂದೇ ಮೇಜು ಎಂದು ಹಠ ಹಿಡಿದವಳು ನಾನು. ಒಂದೇ ಮೇಜು ಎಂದಮೇಲೆ ಎಲ್ಲರಿಗಿಂತ ಕಟ್ಟುನಿಟ್ಟಾದವರು ಉಣ್ಣುವಂಥದ್ದನ್ನೇ ಅದರ ಮೇಲೆ ಇಡಬೇಕು. ಆಗ ಯಾರೂ ಎದ್ದು ಹೋಗಬೇಕಾಗಿಲ್ಲ.

ಚೀಲವನ್ನು ಉಗ್ರಾಣದಲ್ಲಿ ಇಡಿಸಿದ್ದೇನೆ. ನಿಮ್ಮ ತಾಯಿಗೆ ತಿಳಿಯುವಂತೆ ನೀವೇ ಒಂದು ಮಾತು ಬರೆಯಿರಿ, ದಾದಿ ಓದಿ ಹೇಳುತ್ತಾಳೆ. ಅವರು ಆರೋಗ್ಯವಾಗಿದ್ದಾರೆ.

ಫ್ರೂಮಾ ಮಿಲೆವ್ಸ್ಕಿ
ಅಧ್ಯಕ್ಷೆ

~

ಬ್ರಸೆಲ್ಸ್
17 ಮಾರ್ಚ್ 1987

ಮಾನ್ಯ ಶ್ರೀಮತಿ ಮಿಲೆವ್ಸ್ಕಿ ಅವರಿಗೆ,

ನಿಮ್ಮ ಪತ್ರ ಇವತ್ತು ಕೈ ಸೇರಿತು. ಆ ಅಕ್ಕಿ ಅಮ್ಮನ ಕೋಣೆಗೆ ಹೇಗೆ ಬಂತೋ ನನಗೆ ತಿಳಿಯದು. ಅಮ್ಮನ ಪರವಾಗಿ ಕ್ಷಮೆ ಕೇಳುತ್ತೇನೆ.

ನಾಲ್ಕನೇ ನಿಯಮವನ್ನು ಓದಿಯೇ ಸಹಿ ಹಾಕಿದ್ದೆ. ಅದು ಅಡುಗೆಮನೆಗೆ ಎಂದುಕೊಂಡಿದ್ದೆ, ಬೀರುವಿಗೂ ಎಂದುಕೊಂಡಿರಲಿಲ್ಲ. ದಯವಿಟ್ಟು ಚೀಲವನ್ನು ಅಮ್ಮನಿಗೆ ಕೊಟ್ಟುಬಿಡಿ. ಅದನ್ನು ಬೇಯಿಸಲೇಬೇಕೆಂದು ನಾನು ಕೇಳುತ್ತಿಲ್ಲ. ಅದು ಅವರ ಕೈಗೆ ಸಿಗಬೇಕು, ಅಷ್ಟೆ. ಹಬ್ಬಕ್ಕೆ ಮುಂಚೆ ಅಕ್ಕಿಯನ್ನು ಬಿಳಿ ಬಟ್ಟೆಯ ಮೇಲೆ ಹರಡಿಕೊಂಡು, ಗೋಧಿಯ ಕಾಳು ಒಂದೂ ಉಳಿಯದ ಹಾಗೆ ಮೂರು ಸುತ್ತು ಆರಿಸುವುದು ನಮ್ಮಲ್ಲಿ ಪದ್ಧತಿ. ಅಮ್ಮ ಅದನ್ನು ಒಂದು ವರ್ಷವೂ ಬಿಟ್ಟವರಲ್ಲ.

ನಿಮ್ಮ ಒಂದೇ ಮೇಜಿನ ವಿಷಯ ನಮ್ಮ ಮನೆಯಲ್ಲೂ ಮಾತಾಗಿತ್ತು. "ಮೇಜೇನೋ ಒಂದೇ. ಆದರೆ ಅದರ ಮೇಲೆ ನಮ್ಮದು ಅನ್ನೋ ಒಂದು ಬಟ್ಟಲೂ ಇಲ್ವಲ್ಲ," ಎಂದಿದ್ದರು ಅಪ್ಪ. ಇಪ್ಪತ್ತೈದು ವರ್ಷಗಳಲ್ಲಿ ನಮ್ಮವರು ಯಾರೂ ತಮ್ಮ ಮುದುಕರನ್ನು ನಿಮ್ಮಲ್ಲಿಗೆ ಕಳಿಸದೇ ಇದ್ದದ್ದು ಅದಕ್ಕೇ. ನೀವು ಅದನ್ನು ನಮ್ಮ ಜಂಭ ಎಂದುಕೊಂಡಿರಬಹುದು. ನನ್ನ ತಾಯಿ ಮೊದಲನೆಯವರು.

ಅವರು ಸರಿಯಾಗಿ ಊಟ ಮಾಡುತ್ತಿದ್ದಾರೆಯೇ? ಅದೊಂದನ್ನು ನೀವೇ ಬರೆಯಿರಿ.

ವಿಶ್ವಾಸವಿರಲಿ,
ಲೂನಾ ತಾರಿಕಾ

~

ಬುಲವಾಯೊ
3 ಏಪ್ರಿಲ್ 1987

ಶ್ರೀಮತಿ ತಾರಿಕಾ ಅವರಿಗೆ,

ಅಡುಗೆಮನೆಗೆ ಒಂದು ನಿಯಮ, ಬೀರುವಿಗೆ ಇನ್ನೊಂದು ನಿಯಮ ಎಂದು ಇಟ್ಟುಕೊಂಡು ನಾನು ಈ ಮನೆ ನಡೆಸಿಲ್ಲ.

ನಿಮಗೆ ಗೊತ್ತಿರುವುದೇ. ಹಬ್ಬದ ಎಂಟು ದಿನ ಹುಳಿಯ ಪದಾರ್ಥ, ಅಂದರೆ ಗೋಧಿಯಂಥ ಧಾನ್ಯ ನೀರು ತಾಗಿ ಹುದುಗಿದ್ದು ಯಾವುದೂ, ಯೆಹೂದಿಯ ಮನೆಯಲ್ಲಿ ಇರಬಾರದು, ಇದ್ದರೂ ಅದು ಅವನ ಒಡೆತನದಲ್ಲಿ ಇರಬಾರದು. ಆದ್ದರಿಂದ ಬ್ರೆಡ್ಡು, ಹಿಟ್ಟು, ಬಿಸ್ಕತ್ತು ಎಲ್ಲವನ್ನೂ ಉಗ್ರಾಣದಲ್ಲಿ ಇಟ್ಟು ಬೀಗ ಹಾಕಿ, ಹದಿಮೂರನೇ ತಾರೀಖು ಬೆಳಿಗ್ಗೆ ನಮ್ಮ ಧರ್ಮಗುರು ರಬ್ಬಿಗಳ ಮುಂದೆ ನಮ್ಮ ತೋಟ ನೋಡಿಕೊಳ್ಳುವ ಎನೋಕ್ ಮ್ಪೋಫುವಿಗೆ ಮಾರಿಬಿಡುತ್ತೇವೆ. ಹಬ್ಬ ಮುಗಿದ ಮೇಲೆ ಅವನಿಂದ ವಾಪಸು ಕೊಳ್ಳುತ್ತೇವೆ. ಹತ್ತೊಂಬತ್ತು ವರ್ಷಗಳಿಂದ ಕೊಳ್ಳುತ್ತಿರುವವನು ಅವನೇ. ತನ್ನ ಚರ್ಚಿನಲ್ಲಿ ಹಿರಿಯ, ಮಾತಿಗೆ ತಪ್ಪದವನು. ಎಂಟು ದಿನವೂ ಬೀಗದ ಕೈಯನ್ನು ದಾರ ಕಟ್ಟಿ ಕೊರಳಲ್ಲಿ ಹಾಕಿಕೊಂಡಿರುತ್ತಾನೆ. ಈ ಸಲ ಆ ಪಟ್ಟಿಯಲ್ಲಿ ನಿಮ್ಮ ತಾಯಿಯ ಚೀಲವನ್ನೂ ನಾನೇ ಬರೆದು ಸೇರಿಸಿದ್ದೇನೆ. ಹದಿನಾಲ್ಕನೇ ಸಾಲು. ಹಬ್ಬ ಕಳೆದ ಮಾರನೇ ದಿನ ಚೀಲ ಹೊಲಿಗೆ ಬಿಚ್ಚದೆ ಅವರ ಬೀರುವಿಗೆ ಹೋಗುತ್ತದೆ.

ಊಟದ ವಿಷಯ ಕೇಳಿದ್ದೀರಿ. ಚೆನ್ನಾಗಿ ಮಾಡುತ್ತಿದ್ದಾರೆ.

ಫ್ರೂಮಾ ಮಿಲೆವ್ಸ್ಕಿ
ಅಧ್ಯಕ್ಷೆ

~

ಬ್ರಸೆಲ್ಸ್
17 ಏಪ್ರಿಲ್ 1987

ಶ್ರೀಮತಿ ಮಿಲೆವ್ಸ್ಕಿ ಅವರಿಗೆ,

ಅಮ್ಮನನ್ನು ನೋಡಲು ಬರುವ ನಮ್ಮವರೊಬ್ಬರು ಬುಧವಾರ ಇಲ್ಲಿಗೆ ಫೋನ್ ಮಾಡಿದ್ದರು. ಮಾರ್ಚ್ ತಿಂಗಳಿಂದ ಅಮ್ಮ ಆರು ಕಿಲೋ ಇಳಿದಿದ್ದಾರಂತೆ. ಹಬ್ಬದ ಮೊದಲ ರಾತ್ರಿ ನಿಮ್ಮ ಒಂದೇ ಮೇಜಿನಲ್ಲಿ ಕೂತು, ತಟ್ಟೆ ಮುಟ್ಟದೆ, ಕೈ ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಇದ್ದರಂತೆ. ನೀವು ಅದೇ ಮೇಜಿನ ತಲೆಗೆ ಕೂತಿದ್ದಿರಂತೆ.

ಚೆನ್ನಾಗಿ ಊಟ ಮಾಡುತ್ತಿದ್ದಾರೆ ಎಂದು ಬರೆದಿರಿ. ನಿಮ್ಮ ನಿಯಮಗಳಲ್ಲಿ ಸುಳ್ಳಿನ ಬಗ್ಗೆ ಏನೂ ಇಲ್ಲವೇ?

ನಾನೂ ಒಂದು ಸುಳ್ಳು ಬರೆದಿದ್ದೆ. ಆ ಅಕ್ಕಿ ಕಳಿಸಿದವಳು ನಾನು. ನೀಲಿ ದಾರದಲ್ಲಿ ಹೊಲಿದವಳೂ ನಾನೇ. ಆ ಕಡೆ ಬರುವವರ ಕೈಲಿ ಕೊಟ್ಟು, ಅಧ್ಯಕ್ಷರ ಕಣ್ಣಿಗೆ ಬೀಳದ ಹಾಗೆ ಇಟ್ಟುಕೊಳ್ಳಲು ಹೇಳಿ ಎಂದಿದ್ದೆ.

ಜೂನಿನಲ್ಲಿ ಬಂದು ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ಕಾಗದಪತ್ರ ಸಿದ್ಧವಾಗಿಡಿ.

ಲೂನಾ ತಾರಿಕಾ

~

ಬುಲವಾಯೊ
22 ಏಪ್ರಿಲ್ 1987

ಶ್ರೀಮತಿ ತಾರಿಕಾ ಅವರಿಗೆ,

ಹಬ್ಬ ನಿನ್ನೆ ರಾತ್ರಿ ಮುಗಿಯಿತು. ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ನಿಮ್ಮ ತಾಯಿ ಚೆನ್ನಾಗಿ ಊಟ ಮಾಡುತ್ತಿದ್ದಾರೆ ಎಂದು ಬರೆದದ್ದು ನಿಜವಲ್ಲ. ಚೀಲ ಎತ್ತಿಕೊಂಡು ಹೋದ ದಿನದಿಂದ ಅವರು ಚಹಾ, ಅರ್ಧ ಮೊಟ್ಟೆ, ಇಷ್ಟರಲ್ಲೇ ದಿನ ಕಳೆಯುತ್ತಿದ್ದರು. ಹಠ, ತಾನಾಗಿ ಇಳಿಯುತ್ತದೆ ಎಂದುಕೊಂಡೆ. ಹಠ ಎಂದರೆ ಏನೆಂದು ನನಗೆ ಗೊತ್ತು.

ಈಗ ನಡೆದದ್ದನ್ನು ಬರೆಯುತ್ತೇನೆ.

ಹಬ್ಬದ ಮೂರನೇ ದಿನ, ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ ಮ್ಪೋಫು ಹ್ಯಾಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಉಗ್ರಾಣದ ಬೀಗ ತೆರೆದು, ಆ ಬಿಳಿ ಚೀಲ ಹಿಡಿದು ಹೊರಬಂದ. ಎಲ್ಲರೂ ನೋಡುತ್ತಿದ್ದಂತೆ ಮೊಗಸಾಲೆಯ ಉದ್ದಕ್ಕೂ ನಡೆದು ಒಂಬತ್ತನೇ ಕೋಣೆಗೆ ಹೋಗಿ ನಿಮ್ಮ ತಾಯಿಯ ಮಡಿಲಲ್ಲಿ ಇಟ್ಟ. ಹಿಂದಿನ ಸಂಜೆ ತೋಟದ ಬೆಂಚಿನಲ್ಲಿ ಕೂತಿದ್ದಾಗ ಅವರು, ನಿನ್ನ ಅಕ್ಕಿಯಲ್ಲಿ ನನಗೊಂದು ಹಿಡಿ ಕೊಡುತ್ತೀಯಾ ಎಂದು ಕೇಳಿದ್ದರಂತೆ. ಹಿಡಿ ಯಾಕೆ ಅಜ್ಜಿ, ಚೀಲವನ್ನೇ ತಗೊಳ್ಳಿ ಎಂದನಂತೆ ಇವನು.

ನಾನು ಅವನನ್ನು ಕಚೇರಿಗೆ ಕರೆಸಿದೆ. ಯಾರನ್ನು ಕೇಳಿ ಕೊಟ್ಟೆ ಎಂದೆ.

"ಅಮ್ಮಾವ್ರೇ, ಕೀಲಿ ಕೊಡೋವಾಗ ಪ್ರತಿ ವರ್ಷ ನೀವೇ ಹೇಳೋದಲ್ವಾ, ಇದೆಲ್ಲ ಇನ್ನು ನಿನ್ನದು, ಏನು ಬೇಕಾದ್ರೂ ಮಾಡ್ಕೊ ಅಂತ? ಹತ್ತೊಂಬತ್ತು ವರ್ಷ ನಾನೇನೂ ಮಾಡ್ಕೊಳ್ಳಲಿಲ್ಲ. ಈ ವರ್ಷ ಒಂದು ಚೀಲ ಕೊಟ್ಟೆ. ನನ್ನದಲ್ಲ ಅನ್ನೋದಾದ್ರೆ ಈಗ್ಲೇ ಹೇಳಿಬಿಡಿ, ಕೀಲಿ ಇಲ್ಲೇ ಇದೆ."

ಕೊರಳಿಂದ ದಾರ ತೆಗೆದು ಮೇಜಿನ ಮೇಲೆ ಇಟ್ಟ. ರಬ್ಬಿಗಳಿಗೆ ಹೇಳಿಕಳಿಸಿದೆ. ಅವರು ಪಟ್ಟಿ ತೆರೆದು, ಹದಿನಾಲ್ಕನೇ ಸಾಲು ಓದಿ, ಕನ್ನಡಕ ತೆಗೆದರು.

"ಫ್ರೂಮಾ, ಅಕ್ಕಿಯನ್ನ ನಾವು ತಿನ್ನೋದಿಲ್ಲ ನಿಜ. ಆದ್ರೆ ಅದು ಹುಳಿಯ ಪದಾರ್ಥ ಅಲ್ಲ. ಮಾರೋ ಅಗತ್ಯವೇ ಇರಲಿಲ್ಲ. ಬರೆದವರು ನೀವು. ಮಾರಿದ್ದು ಮಾರಿದ್ದೇ. ಈ ಚೀಲ ಅವನದಲ್ಲ ಅಂದ್ರೆ ಉಗ್ರಾಣದಲ್ಲಿರೋ ಯಾವುದೂ ಅವನದಲ್ಲ. ಆಗ ಈ ಮನೆ ಇಡೀ ಹಬ್ಬದಲ್ಲಿ ಹುಳಿ ಇಟ್ಟುಕೊಂಡ ಹಾಗಾಯ್ತು. ಹೇಳಿ, ಯಾವುದಾಗಬೇಕು?"

ಕೀಲಿಯನ್ನು ನಾನೇ ಎತ್ತಿ ಮ್ಪೋಫುವಿನ ಕೈಗೆ ಕೊಟ್ಟೆ. ಅವನು ಹ್ಯಾಟು ಹಾಕಿಕೊಂಡು ಗುಲಾಬಿ ಗಿಡಗಳ ಕಡೆ ಹೋದ.

ಇಷ್ಟೆಲ್ಲ ಆದಮೇಲೆ ನಿಮ್ಮ ತಾಯಿ ಮಾಡಿದ್ದೇನು ಗೊತ್ತೇ? ದಿಂಬಿನ ಬಿಳಿ ಗವಸನ್ನು ಮೇಜಿನ ಮೇಲೆ ಹರಡಿ, ಎರಡು ಕಿಲೋ ಅಕ್ಕಿಯನ್ನು ಬೆರಳಲ್ಲೇ ತಡಕಿ ತಡಕಿ ಒಂದು ಸುತ್ತು ಆರಿಸಿದರು. ಅವರ ಕಣ್ಣು ಮಂಜಾಗಿರುವುದು ನಿಮಗೆ ಗೊತ್ತಿದೆ. ಎರಡು ದಿನ ಹಿಡಿಯಿತು. ಆಮೇಲೆ ಅಕ್ಕಿಯನ್ನು ಚೀಲಕ್ಕೆ ತುಂಬಿ ಕಟ್ಟಿಟ್ಟರು. ಬೇಯಿಸಿ ಎನ್ನಲಿಲ್ಲ. ಕೇಳಿದ್ದಕ್ಕೆ ಇನ್ನೂ ಆಗಿಲ್ಲ, ಎರಡು ಸುತ್ತು ಬಾಕಿ ಇದೆ, ಅವರು ಬರಬೇಕು ಎಂದರು. ಯಾರು ಎಂದರೆ ಹೇಳುವುದಿಲ್ಲ. ಮಂಚದ ಪಕ್ಕದಲ್ಲಿ ಎರಡು ಕುರ್ಚಿ ಹಾಕಿಸಿಕೊಂಡಿದ್ದಾರೆ. ಇದು ಮರೆವಿನ ಕಾಯಿಲೆಯ ಆರಂಭ ಎನ್ನುತ್ತಾರೆ ಡಾಕ್ಟರು. ವಿಮಾನದ ಪ್ರಯಾಣ ಮಾತ್ರ ಈ ಸ್ಥಿತಿಯಲ್ಲಿ ಬೇಡವೇ ಬೇಡ ಎಂದಿದ್ದಾರೆ. ಶುಕ್ರವಾರದಿಂದ ಸ್ವಲ್ಪ ಆಲೂಗಡ್ಡೆ, ಮೀನು ತಿನ್ನುತ್ತಿದ್ದಾರೆ. ಈ ಸಲ ಇದು ನಿಜ.

ಫ್ರೂಮಾ ಮಿಲೆವ್ಸ್ಕಿ

~

ಬ್ರಸೆಲ್ಸ್
9 ಮೇ 1987

ಮಾನ್ಯ ಶ್ರೀಮತಿ ಮಿಲೆವ್ಸ್ಕಿ ಅವರಿಗೆ,

ನಮ್ಮಿಬ್ಬರ ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ನನ್ನ ಪತ್ರ ಓದಿ ನಿಮಗೆ ಸಿಟ್ಟು ಬಂದಿದ್ದರೆ ಬಂದಿರಲಿ. ಆದರೆ ಈಗ ಬರೆಯುವುದನ್ನು ಪೂರ್ತಿ ಓದಿ.

ಅಮ್ಮನಿಗೆ ಮರೆವಿನ ಕಾಯಿಲೆ ಇಲ್ಲ.

ರೋಡ್ಸ್ ದ್ವೀಪದಲ್ಲಿ ಅವರು ಮೂವರು ಅಕ್ಕತಂಗಿಯರು. ಮೂರು ಸುತ್ತಿನಲ್ಲಿ ಮೊದಲನೆಯದು ಅಮ್ಮನದು, ಎರಡನೆಯದು ಬೆಹೋರಾಳದು, ಮೂರನೆಯದು ಕಿರಿಯವಳಾದ ಸರೋತಾಳದು. ಒಬ್ಬಳು ಬಿಟ್ಟದ್ದನ್ನು ಇನ್ನೊಬ್ಬಳು ಹಿಡಿಯಬೇಕು. ಗೋಧಿಯ ಕಾಳು ಸಿಕ್ಕರೆ ಹಿಂದಿನವಳಿಗೆ ವರ್ಷವಿಡೀ ಹಾಸ್ಯ. ಅಮ್ಮ ಮದುವೆಯಾಗಿ ಕಾಂಗೋಗೆ ಬಂದಮೇಲೆ ನೆರೆಯ ಹೆಂಗಸರಿಬ್ಬರನ್ನು ಕರೆದು, ನೀನು ಬೆಹೋರಾ, ನೀನು ಸರೋತಾ ಎಂದು ಕೂರಿಸಿಕೊಳ್ಳುತ್ತಿದ್ದರು. 1944ರ ಜುಲೈ ತಿಂಗಳಲ್ಲಿ ದ್ವೀಪದ ನಮ್ಮವರನ್ನೆಲ್ಲ ದೋಣಿಗಳಿಗೆ ಹತ್ತಿಸಿ ಸಾವಿನ ಶಿಬಿರಕ್ಕೆ ಸಾಗಿಸಿದರು. ಮುಂದೆ ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಆಮೇಲೆ ಅಮ್ಮ ಆ ಹೆಸರುಗಳನ್ನು ಬಾಯಿಬಿಟ್ಟು ಹೇಳುವುದು ನಿಲ್ಲಿಸಿದರು. ಕುರ್ಚಿ ಎರಡು ಹಾಕುವುದನ್ನು ನಿಲ್ಲಿಸಲಿಲ್ಲ. ಯಾರಾದರೂ ಬಂದು ಕೂರುತ್ತಿದ್ದರು.

ನನ್ನನ್ನೂ ಕರೆಯುತ್ತಿದ್ದರು. "ಬಾರೇ ಲೂನಾ, ಅರ್ಧ ಗಂಟೆ ಕೂತ್ಕೊ, ನಿನ್ನ ಕಣ್ಣು ಚೆನ್ನಾಗಿದೆ" ಅಂತ. ಪಾಠ ಇದೆ ಎನ್ನುತ್ತಿದ್ದೆ. ಆಮೇಲೆ ಕೆಲಸ ಇದೆ ಎನ್ನುತ್ತಿದ್ದೆ. ಒಂದು ವರ್ಷವೂ ಕೂರಲಿಲ್ಲ. ಅದಕ್ಕೇ ಅಕ್ಕಿ ಕಳಿಸಿದೆ. ಅಕ್ಕಿ ಕಳಿಸುವುದು ಸುಲಭ.

ಜೂನಿನಲ್ಲಿ ಬರುತ್ತೇನೆ ಎಂದು ಬರೆದಿದ್ದೆ. ಬರಲಾರೆ. ಜನವರಿಯಲ್ಲಿ ನನ್ನ ಗಂಡನಿಗೆ ಪಾರ್ಶ್ವವಾಯು ಬಡಿಯಿತು. ಅವರನ್ನು ಒಂದು ಗಂಟೆ ಬಿಟ್ಟು ಹೋಗಲೂ ನನ್ನಿಂದ ಆಗುತ್ತಿಲ್ಲ. ಅಮ್ಮನಿಗೆ ಇದನ್ನು ಹೇಳಿಲ್ಲ, ನೀವೂ ಹೇಳಬೇಡಿ.

ನಿಮ್ಮ ನಿಯಮ ಬದಲಾಯಿಸಿ ಎಂದು ಕೇಳುವ ಹಕ್ಕು ನನಗಿಲ್ಲ. ಆ ಎರಡು ಕುರ್ಚಿಗಳನ್ನು ಮಾತ್ರ ತೆಗೆಸಬೇಡಿ.

ಲೂನಾ

~

ಬುಲವಾಯೊ
10 ಏಪ್ರಿಲ್ 1988

ಲೂನಾ,

ಹನ್ನೊಂದು ತಿಂಗಳು ನಿನಗೆ ನಾನು ಬರೆಯಲಿಲ್ಲ. ತಿಂಗಳಿಗೊಮ್ಮೆ ದಾದಿ ಬರೆದ ಎರಡು ಸಾಲು ನಿನಗೆ ಬರುತ್ತಿತ್ತು ಎಂದು ಗೊತ್ತು. ಏನನ್ನೂ ಮಾಡದೆ ಮಾಡುತ್ತೇನೆ ಎಂದು ಬರೆಯುವುದು ನನಗೆ ಬಾರದು. ಈಗ ಮಾಡಿಯಾಗಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಕುರ್ಚಿಗಳನ್ನು ತೆಗೆಸಲಿಲ್ಲ. ಇಡೀ ವರ್ಷ ಅವು ಅಲ್ಲೇ ಇದ್ದವು. ಗುಡಿಸುವವರು ಗೊಣಗಿದರು, ಗೊಣಗಲಿ ಎಂದೆ. ನಾನು ಪ್ರತಿ ಬುಧವಾರ ಎಲ್ಲ ಕೋಣೆಗಳನ್ನೂ ನೋಡಲು ಹೋಗುವವಳು. ಒಂಬತ್ತನೇ ಕೋಣೆಯಲ್ಲಿ ಆ ಎರಡು ಖಾಲಿ ಕುರ್ಚಿಗಳ ಮುಂದೆ ನಿಂತಾಗಲೆಲ್ಲ ನನಗೆ ಬೆರೆಲ್‌ನ ಅಂಗಡಿಯ ಒಂದು ಕುರ್ಚಿ ನೆನಪಾಗುತ್ತಿತ್ತು. ಯಾರೂ ಒಂಟಿಯಾಗಿ ಉಣ್ಣಬಾರದೆಂದು ಕಟ್ಟಿದ ಮನೆ ಇದು. ಇಪ್ಪತ್ತೆರಡು ಜನರ ಮೇಜಿನಲ್ಲಿ ನಿನ್ನ ತಾಯಿಯನ್ನು ಒಂಟಿಯಾಗಿ ಕೂರಿಸಿದ್ದೆ. ಇದನ್ನು ಒಂದೇ ಸಲ ಬರೆಯುತ್ತೇನೆ, ಮತ್ತೆ ಬರೆಯುವುದಿಲ್ಲ.

ಫೆಬ್ರವರಿಯ ಸಭೆಯಲ್ಲಿ ನಾಲ್ಕನೇ ನಿಯಮಕ್ಕೆ ತಿದ್ದುಪಡಿ ತಂದೆ. ಮೇಜು ಒಂದೇ. ಪಾತ್ರೆ ಎರಡು. ಹಬ್ಬದಲ್ಲಿ ಅಕ್ಕಿ ಬೇಯಿಸುವ ಪಾತ್ರೆ, ಸೌಟು, ಬಟ್ಟಲು ಬೇರೆ, ಅವುಗಳ ಬೀರು ಬೇರೆ. ಗದ್ದಲವಾಯಿತು. ಒಬ್ಬರಿಗೋಸ್ಕರ ಪಾತ್ರೆಯೇ ಎಂದರು. ಬೆರೆಲ್ ಕೂಡ ಒಬ್ಬನೇ ಇದ್ದ ಎಂದೆ. ಮುಂದಿನ ವರ್ಷ ನೋಡೋಣ ಎಂದರು. ನನಗೆ ಎಪ್ಪತ್ತೊಂಬತ್ತು, ಜೋಯಾಗೆ ಎಂಬತ್ತಾರು, ಮುಂದಿನ ವರ್ಷ ಎಂಬುದು ನಮ್ಮಿಬ್ಬರ ಬಳಿ ಇಲ್ಲ ಎಂದೆ. ಮತಕ್ಕೆ ಹಾಕಿದಾಗ ಪರ ಐದು, ವಿರುದ್ಧ ಐದು ಬಂತು. ಮೂವತ್ತಮೂರು ವರ್ಷಗಳಲ್ಲಿ ಒಮ್ಮೆಯೂ ಬಳಸದ ಅಧ್ಯಕ್ಷೆಯ ಮತವನ್ನು ಬಳಸಿದೆ. ನಿಯಮ ಬದಲಾಯಿತು.

ಬರೆದ ನಿಯಮವನ್ನು ತಾನೇ ಹೊಡೆದು ಹಾಕಿದವಳು ಮತ್ತೆ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂರಬಾರದು. ಅದನ್ನು ಯಾರೂ ಹೇಳಲಿಲ್ಲ, ನಾನೇ ಹೇಳಿಕೊಂಡೆ. ಅದೇ ಸಭೆಯಲ್ಲಿ ಎರಡು ಕಾಗದ ಕೊಟ್ಟೆ. ಒಂದು ರಾಜೀನಾಮೆ, ಇನ್ನೊಂದು ಈ ಮನೆಗೆ ಸೇರಿಸಿಕೊಳ್ಳಿ ಎಂಬ ಅರ್ಜಿ. ಮೊದಲನೆಯದನ್ನು ಬೇಡ ಎಂದರು, ನಾನು ಹಿಂತೆಗೆದುಕೊಳ್ಳಲಿಲ್ಲ. ಎರಡನೆಯದಕ್ಕೆ ಸಹಿ ಹಾಕಿದರು. ನನ್ನ ದೊಡ್ಡ ಮಗ ಬಂದು, "ಅಮ್ಮ, ನಿಮಗೇನು ಮನೆ ಇಲ್ವಾ?" ಎಂದ. ಇದು ಯಾರ ಮನೆ ಅಂದುಕೊಂಡಿದ್ದೀಯೋ ಎಂದೆ.

ಮಾರ್ಚ್ ಇಪ್ಪತ್ತೇಳನೇ ತಾರೀಖು, ಭಾನುವಾರ, ಹಬ್ಬಕ್ಕೆ ಐದು ದಿನ ಮುಂಚೆ, ಹೊಸ ಅಕ್ಕಿ ತರಿಸಿಕೊಂಡು ಒಂಬತ್ತನೇ ಕೋಣೆಗೆ ಹೋದೆ. ನಿನ್ನ ತಾಯಿ ತಮ್ಮ ಸುತ್ತನ್ನು ಆಗಲೇ ಶುರು ಮಾಡಿದ್ದರು. ಮುಗಿಯುವವರೆಗೂ ಬಾಗಿಲಲ್ಲೇ ನಿಂತಿದ್ದೆ. ಅವರು ತಲೆ ಎತ್ತದೆ, "ಬನ್ನಿ ಅಧ್ಯಕ್ಷರೇ. ಇವತ್ತು ಏನು ಎತ್ತಿಕೊಂಡು ಹೋಗೋಕೆ ಬಂದ್ರಿ?" ಎಂದರು. ನಾನೀಗ ಅಧ್ಯಕ್ಷೆ ಅಲ್ಲ ಎಂದು ಹೇಳಿ ಮೊದಲ ಕುರ್ಚಿಯಲ್ಲಿ ಕೂತೆ. ಬೆಹೋರಾಳ ಸುತ್ತು ನಾನು ಮಾಡುತ್ತೇನೆ ಎಂದೆ.

ಅವರ ಕೈ ನಿಂತಿತು. ಆ ಹೆಸರನ್ನು ಬೇರೆಯವರ ಬಾಯಿಂದ ಕೇಳಿ ನಲವತ್ತು ವರ್ಷವಾಗಿತ್ತೋ ಏನೋ. ನನಗೆ ಯಾರು ಹೇಳಿದರೆಂದು ಕೇಳಲಿಲ್ಲ. ಅಕ್ಕಿಯ ರಾಶಿಯನ್ನು ನನ್ನ ಕಡೆ ಸರಿಸಿದರು.

ನಾನು ಕನ್ನಡಕ ಹಾಕಿಕೊಂಡು ಮೂರು ಗಂಟೆ ಆರಿಸಿದೆ. ಮುಗಿಯಿತು ಎಂದಾಗ ಅವರು ಬೆರಳನ್ನು ಒಮ್ಮೆ ಹಾಗೇ ರಾಶಿಯಲ್ಲಿ ಆಡಿಸಿ, ಒಂದು ಕಾಳು ಎತ್ತಿ ನನ್ನ ಅಂಗೈಯಲ್ಲಿ ಇಟ್ಟರು. ಗೋಧಿ.

"ಕುರುಡಿಗೆ ಸಿಕ್ಕಿತು, ಕನ್ನಡಕದವಳಿಗೆ ಸಿಗಲಿಲ್ಲ. ಇಷ್ಟು ವರ್ಷ ನಮ್ಮ ಬೀರು ಹುಡುಕಿದ್ದೇ ಬಂತು," ಎಂದರು. ಹಾಸಿಗೆ ಅಲುಗಾಡುವ ಹಾಗೆ ನಕ್ಕರು. ಆ ನಗು ವರ್ಷವಿಡೀ ಇರುತ್ತದೆ ಎಂದು ನೀನು ಬರೆದದ್ದು ಸುಳ್ಳಲ್ಲ. ಇವತ್ತು ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲೂ ಹೇಳಿ ಎಲ್ಲರನ್ನೂ ನಗಿಸಿದ್ದಾರೆ.

ಮೂರನೇ ಸುತ್ತಿಗೆ ಯಾರೂ ಇರಲಿಲ್ಲ. ನಾನೇ ಎದ್ದು ಎರಡನೇ ಕುರ್ಚಿಗೆ ಹೋಗಿ ಕೂತೆ. ನನಗೂ ಒಬ್ಬಳು ತಂಗಿ ಇದ್ದಳು, ನಾನು ಇಲ್ಲಿಗೆ ಬಂದಾಗ ಅವಳು ಲಿಥುವೇನಿಯಾದ ನಮ್ಮ ಊರಿನಲ್ಲೇ ಉಳಿದಳು. ನಿನ್ನ ತಾಯಿಗೆ ಅವಳ ಹೆಸರು ಹೇಳಿದೆ. ಇಲ್ಲಿ ಬರೆಯುವುದಿಲ್ಲ. ಮೂರನೇ ಸುತ್ತಿನಲ್ಲಿ ಒಂದು ಕಾಳೂ ತಪ್ಪಲಿಲ್ಲ.

ಮೂವತ್ತೊಂದನೇ ತಾರೀಖು ನನ್ನ ಪೆಟ್ಟಿಗೆ ಬಂತು. ಹಬ್ಬದ ಮೊದಲ ರಾತ್ರಿ ನಾನು ಮೇಜಿನ ತಲೆಗೆ ಕೂರಲಿಲ್ಲ, ನಿನ್ನ ತಾಯಿಯ ಪಕ್ಕದಲ್ಲಿ ಕೂತೆ. ಅನ್ನದ ಬಟ್ಟಲು ನಮ್ಮಿಬ್ಬರ ಮುಂದೆ ಇತ್ತು. ನಾನು ತಿನ್ನಲಿಲ್ಲ, ಸಾಯುವವರೆಗೂ ತಿನ್ನುವುದಿಲ್ಲ. ಸೌಟು ನನ್ನ ಕೈಯಲ್ಲಿತ್ತು. ಅವರು ಎರಡು ಸಲ ತಟ್ಟೆ ನನ್ನ ಕಡೆ ಚಾಚಿದರು. ಎರಡು ಸಲವೂ ನಾನೇ ಬಡಿಸಿದೆ.

ಫ್ರೂಮಾ ಮಿಲೆವ್ಸ್ಕಿ
ಕೋಣೆ ಹತ್ತು